ಹಿಂದಕ್ಕೆ ಹೋದ ಕಂಪ್ಯೂಟರ್

ರತೊಮಿರ್ ಮಾಡಿದ ತಪ್ಪು ಇಷ್ಟೇ: ಶನಿವಾರ ಬೆಳಿಗ್ಗೆ ಕಾಫಿಗೆ ನೀರು ಕಾಯಿಸಲು ಗೋಡೆಯಿಂದ ಕಂಪ್ಯೂಟರಿನ ಪ್ಲಗ್ ಕಿತ್ತ. ಕಂಪ್ಯೂಟರ್ ಪರದೆಯ ಮೇಲೆ ‘ಅಪ್‌ಡೇಟ್ ಆಗುತ್ತಿದೆ, ಆರಿಸಬೇಡಿ’ ಎಂದಿತ್ತು. ಅದು ಅವನ ತಲೆಗೆ ಹೊಳೆದದ್ದು ಕಾಫಿ ಉಕ್ಕಿದ ಮೇಲೆ.

ಮೊರಾವಾ ನದಿದಂಡೆಯ ಆ ಪುಟ್ಟ ಊರಿಗೆ ಅವನು ವಿವಾಹ ನೋಂದಣಿ ಅಧಿಕಾರಿಯಾಗಿ ಬಂದು ತಿಂಗಳಾಗಿತ್ತಷ್ಟೆ. ಅವತ್ತಿನದು ಅವನ ಮೊದಲ ಮದುವೆ; ಅಂದರೆ ಅವನು ಮಾಡಿಸುವ ಮೊದಲ ಮದುವೆ. ಹನ್ನೊಂದಕ್ಕೆ ಮದುಮಗ ನೆನಾದ್, ಮದುಮಗಳು ಸ್ಲವಿತ್ಸಾ, ನಲವತ್ತು ಜನ ನೆಂಟರು, ಒಬ್ಬ ಅಕಾರ್ಡಿಯನ್‌ನವನು ಬಾಗಿಲು ತುಂಬಿಕೊಂಡು ಒಳಬಂದಾಗ ಕಂಪ್ಯೂಟರ್, ಹರಕೆಯ ಕೋಣದ ಹಾಗೆ, ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಿಂತಿತ್ತು.

“ಪುಸ್ತಕದಲ್ಲಿ ಬರ್ಕೊಳ್ಳಿ ಮಾರಾಯ್ರೆ, ಅಲ್ಲಿ ಕುರಿಮರಿ ಬೇಯ್ತಾ ಇದೆ,” ಎಂದಳು ಮದುಮಗಳ ಚಿಕ್ಕಮ್ಮ ಪೆರ್ಸಿದಾ.

“ಆಗಲ್ಲ ಅಮ್ಮ. ನೋಂದಣಿ ನಂಬರು ಇದರಿಂದಲೇ ಬರಬೇಕು.”

ಸಾಕ್ಷಿಯಾಗಿ ಬಂದಿದ್ದ ಓಬ್ರಾದ್ ಟ್ರ್ಯಾಕ್ಟರ್ ಮೆಕ್ಯಾನಿಕ್. ಕೋಟು ಕಳಚಿ ತೋಳು ಮಡಚಿದ. “ಸರೀರಿ ಆಚೆ. ಅರ್ಧಕ್ಕೇ ಮೂರು ಸಲ ಆರ್ಸಿ ಹಚ್ಚಿದ್ರೆ ರಿಪೇರಿ ಪುಟ ತಾನೇ ಬರುತ್ತೆ. ಯಂತ್ರಾನೂ ಗಂಡಸಿನ ಹಾಗೇನೇ, ಮೂರು ಸಲ ಬೈದ ಮೇಲೇ ಬಾಯಿ ಬಿಡೋದು.”

ಆರಿಸಿದರು, ಹಚ್ಚಿದರು. ನಲವತ್ತು ಜನ ಒಟ್ಟಿಗೆ “ಒಂದು! ಎರಡು!” ಎಂದು ಎಣಿಸಿದರು. ನಾಲ್ಕನೆಯ ಸಲಕ್ಕೆ ನಿಜಕ್ಕೂ ರಿಪೇರಿಯ ನೀಲಿ ಪುಟ ಬಂತು. ಅಕಾರ್ಡಿಯನ್‌ನವನು ಖುಷಿಗೆ ಎರಡು ಸಾಲು ನುಡಿಸಿಯೇಬಿಟ್ಟ.

“ಸ್ಟಾರ್ಟಪ್ ರಿಪೇರಿ ಅಂತಿದೆ, ಅದನ್ನೇ ಒತ್ತಬೇಕು,” ಎಂದು ರತೊಮಿರ್ ಬೇಡಿಕೊಂಡ.

“ಅದು ಸಾಯಂಕಾಲದ ತನಕ ಸುತ್ತುತ್ತೆ. ಇಲ್ನೋಡಿ, ‘ಕಡತ ಸಮೇತ ಹಳೆಯ ಪ್ರತಿಗೆ ಮರಳು’. ಚೆನ್ನಾಗಿದ್ದ ಕಾಲಕ್ಕೆ ಹೋಗ್ಬಿಡೋಣ!” ಎನ್ನುತ್ತಲೇ ಓಬ್ರಾದ್‌ನ ಸೌತೆಕಾಯಿ ಗಾತ್ರದ ಬೆರಳು ಕೀಲಿಯ ಮೇಲೆ ಬಿತ್ತು.

ಮುಕ್ಕಾಲು ಗಂಟೆಯ ಮೇಲೆ ಯಂತ್ರ ಕಣ್ಣು ಬಿಟ್ಟಿತು. ಕಚೇರಿಯ ಕಡತವೆಲ್ಲ ಹಾಗೇ ಕಂಡಿತು. ಚಪ್ಪಾಳೆ. ರತೊಮಿರ್ ಬೆವರೊರೆಸಿಕೊಂಡು ಮದುಮಗನ ಹೆಸರು ಒತ್ತಿದ. ಮುಖ ಬಿಳಿಚಿಕೊಂಡಿತು.

“ಕ್ಷಮಿಸಿ. ಮದುವೆ ಆಗೋದಿಲ್ಲ. ವರನಿಗೆ ಆಗಲೇ ಒಬ್ಬಳು ಹೆಂಡತಿ ಇದ್ದಾಳೆ.”

ಪೆರ್ಸಿದಾಳ ಕೈಚೀಲ ನೆನಾದ್‌ನ ತಲೆಯ ಮೇಲೆ ಎದ್ದಿತ್ತು. “ಯಾರೋ ಅವಳು? ಹೆಸರು ಓದ್ರೀ!”

“ಸ್ಲವಿತ್ಸಾ...”

“ಅಯ್ಯೋ, ಅದು ನಾನೇ ಕಣ್ರೀ!” ಎಂದಳು ಮದುಮಗಳು. “ಹೋದ ವರ್ಷ ಜೂನ್‌ನಲ್ಲಿ ಡಿವೋರ್ಸ್ ಆಯ್ತಲ್ಲ! ಈಗ ಮತ್ತೆ ಆಗ್ತಾ ಇದೀವಿ. ಊರಿಗೆಲ್ಲ ಗೊತ್ತು.”

ಊರಿಗೆಲ್ಲ ಗೊತ್ತಿತ್ತು, ರತೊಮಿರ್ ಒಬ್ಬನನ್ನು ಬಿಟ್ಟು. ಅವನು ಪರದೆಯ ಮೂಲೆಯಲ್ಲಿ ಕಡತದ ತಾರೀಖು ನೋಡಿದ. “ಕಂಪ್ಯೂಟರ್ ಹೋಗಿ ಕೂತಿರೋದು ಹೋದ ವರ್ಷದ ಏಪ್ರಿಲ್‌ನಲ್ಲಿ,” ಎಂದ.

“ಒಳ್ಳೇದೇ ಆಯ್ತು ಬಿಡು,” ಎಂದು ನೆನಾದ್ ನಕ್ಕ. “ನಾವು ಬೇರೆ ಆಗೇ ಇಲ್ಲ. ನಡಿ, ಊಟಕ್ಕೆ.”

“ಏನಂದೆ? ಏಪ್ರಿಲ್‌ನ ನೆನಾದ್ ನನಗೆ ಬೇಡ! ಮಾತು ಮಾತಿಗೂ ‘ಅಮ್ಮನ್ನ ಕೇಳ್ತೀನಿ’ ಅಂತಿದ್ದವನು ಅವನು!”

“ನೀನು ಸೂಪಿನ ಪಾತ್ರೆ ಎಸೆದಿದ್ದು ಯಾವ ತಿಂಗಳಲ್ಲಿ?” ಎಂದ ನೆನಾದ್.

ಹತ್ತೇ ನಿಮಿಷದಲ್ಲಿ ಇಬ್ಬರೂ ಅಪ್ಪಟ ಗಂಡ ಹೆಂಡಿರಾದರು. “ನೋಡಿದ್ರಾ, ಕಂಪ್ಯೂಟರ್ ಸುಳ್ಳು ಹೇಳಲ್ಲ,” ಎಂದ ಓಬ್ರಾದ್. ಜಗಳ ಮೆಟ್ಟಿಲಿಳಿಯಿತು, ಹಿಂದೆಯೇ ನೆಂಟರೂ ಇಳಿದರು. ಕುರಿಮರಿ ಯಾರ ಡಿವೋರ್ಸಿಗೂ ಕಾಯುವುದಿಲ್ಲವಲ್ಲ.

ರತೊಮಿರ್ ಕುರ್ಚಿಗೆ ಕುಸಿದ. ಎದುರಿಗೆ ಪೆರ್ಸಿದಾ ಇನ್ನೂ ನಿಂತೇ ಇದ್ದಳು. ಅವಳ ಪಕ್ಕದಲ್ಲಿ ಅಕಾರ್ಡಿಯನ್‌ನವನು, ಕೆನ್ನೆ ಕೆಂಪಗೆ ಮಾಡಿಕೊಂಡು.

“ಏಪ್ರಿಲ್ ಅಂದ್ರಲ್ಲ,” ಎಂದಳು ಅವಳು ಮೆಲ್ಲಗೆ. “ನಮ್ಮ ಯಜಮಾನ್ರು ತೀರಿಕೊಂಡಿದ್ದು ಅದರ ಮರುತಿಂಗಳು, ಮೇ ತಿಂಗಳಲ್ಲಿ.”

ರತೊಮಿರ್ ಕೀಲಿ ಒತ್ತಿ ನೋಡಿದ. “ಇದರ ಪ್ರಕಾರ... ಬದುಕಿದ್ದಾರೆ, ಅಮ್ಮ.”

ಪೆರ್ಸಿದಾ ಶಿಲುಬೆಯ ಗುರುತು ಹಾಕಿಕೊಂಡು ಧಪ್ಪನೆ ಕುಳಿತಳು. “ಅಯ್ಯೋ ದೇವರೇ! ಮುಂದಿನ ಶನಿವಾರ ಇವರದೂ ನನ್ನದೂ ಮದುವೆ ಮಾಡಿಸೋಣ ಅಂತ ದಿನ ಕೇಳೋಕೆ ನಿಂತಿದ್ದೆ. ಈಗ ಅವರನ್ನ ಎರಡನೇ ಸಲ ಯಾರು ಸಾಯಿಸ್ತಾರೆ? ನೀವಾ?”