ಮೇಷ್ಟ್ರ ಬಾತು, ಅಜ್ಜಿಯ ಕಷಾಯ

ಹಕ್ಕಿ ನೋಡೋಣವೆಂದು ಕೆರೆಯ ಕಡೆ ಹೊರಟರೆ ಹಕ್ಕಿಗಿಂತ ಫಜೀತಿಗಳೇ ಹೆಚ್ಚು ಸಿಗುತ್ತವೆ. ನಮ್ಮ ಹೆಡ್‌ಮೇಷ್ಟ್ರಿಗೆ ಹೊಸೂರಿನ ಹತ್ತಿರದ ಆ ಕೆರೆ, ಕೋಡಿ ಹಳ್ಳ ಸುತ್ತುವ ಹುಚ್ಚು. ಅವರ ಕೈಕೆಳಗಿನ ಮೇಷ್ಟ್ರಾದ ತಪ್ಪಿಗೆ ನಾನೂ ಜೊತೆ. ಏರಿಯ ಮೇಲಿನ ಹಳೇ ಹುಣಸೆ ಮರವೆಂದರೆ ಅವರಿಗೆ ಪ್ರಾಣ. ಸಂಜೆಯಾದರೆ ಬೆಳ್ಳಕ್ಕಿಗಳೆಲ್ಲ ಅದರಲ್ಲೇ ಮಲಗಲು ಬರುತ್ತಿದ್ದವು.

೧. ದುರ್ಬೀನು

ಯುದ್ಧದ ಕಾಲ. ಸರ್ಕಾರದವರು ಮನೆಮನೆಯ ರಾಗಿ ಅಳೆದು ಒಯ್ಯುತ್ತಿದ್ದರು. ಮೇಷ್ಟ್ರು ಏರಿಯ ಮೇಲೆ ನಿಂತು ದುರ್ಬೀನು ಕಣ್ಣಿಗಿಟ್ಟದ್ದೇ ತಡ, ಕೆಳಗಿನ ಗದ್ದೆಯ ಅಜ್ಜಿ ಓಡಿಬಂದರು.

"ನಮ್ಮನೆ ರಾಗಿ ಹಗೇವು ಖಾಲಿ ಸ್ವಾಮಿ! ಬೇಕಾದ್ರೆ ಅದ್ರಾಗೇ ನೋಡ್ಕಳಿ."

"ನಾನು ನೋಡ್ತಿರೋದು ರಾಗಿ ಅಲ್ಲಜ್ಜಿ, ಬಾತು."

ಅಜ್ಜಿಯ ಮುಖ ಇನ್ನೂ ಬಾಡಿತು. "ಅಯ್ಯೋ ಶಿವನೇ, ಇನ್ಮೇಲೆ ಬಾತೂ ಎತ್ಕೊಂಡ್ ಹೋಗ್ತಾರಾ?"

ಅಂದು ಊರಿನ ಕೋಳಿಗಳೆಲ್ಲ ಮಧ್ಯಾಹ್ನಕ್ಕೇ ಮಂಕರಿಯಡಿ ಸೇರಿದವು.

೨. ಕಷಾಯ

ಕಾರ್ತಿಕದ ಚಳಿಗೆ ಬಂದಿಳಿಯುವ ಬಾತುಗಳು ಮಹಾ ಪುಕ್ಕಲು. ಅದಕ್ಕೇ ಬೆಳಗಿನ ಜಾವ ನಾವಿಬ್ಬರೂ ಹುಣಸೆ ಬೊಡ್ಡೆಯ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಿದ್ದೆವು. ನೀರಿಗೆ ಬಂದ ಹೆಂಗಸರು ನಮ್ಮನ್ನು ಕಂಡೊಡನೆ ತಲೆ ತಗ್ಗಿಸಿ ವಾಪಸಾಗುತ್ತಿದ್ದರು. ಯಾಕೆಂದು ನಮಗೆ ಹೊಳೆಯಲೇ ಇಲ್ಲ.

ಒಂದು ದಿನ ಅಜ್ಜಿ ಚೊಂಬು ಹಿಡಿದು ಬಂದರು. "ಓಮದ ಕಷಾಯ, ಕುಡೀರಿ ಮೇಷ್ಟ್ರೇ. ದಿನಾ ಇಷ್ಟೊತ್ತು ಕುಂತ್ರೆ ಹೊಟ್ಟೆ ಏನಾಗ್ಬೇಕು?"

"ಅಜ್ಜಿ, ನಾವು ಹಕ್ಕಿ ನೋಡೋಕೆ ಕೂತಿರೋದು!"

"ಆಯ್ತು ಕಣಪ್ಪಾ, ನಾಚ್ಕೋಬ್ಯಾಡಿ. ಎಲ್ರಿಗೂ ಆಗೋದೇಯಾ."

ಅಷ್ಟು ಅಕ್ಕರೆಗೆ ಬೇಡವೆನ್ನಲಾರದೆ ಮೇಷ್ಟ್ರು ಪೂರಾ ಕುಡಿದರು. ಹೊಟ್ಟೆ ಕೆಟ್ಟದ್ದು ಆಮೇಲೆ.

೩. ಕೊಕ್ಕು

ಪೆಟ್ರೋಲು ಸಿಗದೆ ಬಸ್ಸುಗಳೂ ಇದ್ದಿಲಿನಲ್ಲಿ ಓಡುತ್ತಿದ್ದ ಆ ದಿನಗಳಲ್ಲಿ, ಇದ್ದಿಲಿಗಾಗಿ ಕಡಿಯಲು ನಮ್ಮ ಹುಣಸೆ ಮರಕ್ಕೂ ಗುರುತು ಬಿತ್ತು. ಮೇಷ್ಟ್ರಿಗೆ ಅನ್ನ ಸೇರಲಿಲ್ಲ. ಸೇಲಂ ಕಡೆಯ ಆಫೀಸರು ಬಂದಾಗ ಕೈಮುಗಿದು, "ಇದು ಬೆಳ್ಳಕ್ಕಿಗಳ ಮನೆ ಸಾರ್" ಎಂದರು. ನನಗೂ ಸಂಕಟವಾಯಿತು.

ಆಫೀಸರು ಪಕ್ಕದಲ್ಲಿದ್ದ ಅಜ್ಜಿಯನ್ನು ಕೇಳಿದರು: "ಎತ್ತನೆ ಕೊಕ್ಕು ಇರುಕ್ಕು?" ತಮಿಳಿನಲ್ಲಿ ಕೊಕ್ಕು ಎಂದರೆ ಬೆಳ್ಳಕ್ಕಿ. ಎಷ್ಟು ಬೆಳ್ಳಕ್ಕಿ ಇವೆ ಎಂದು ಅವರ ಪ್ರಶ್ನೆ.

"ಹಕ್ಕಿಗೊಂದೇ ಕೊಕ್ಕು ಸ್ವಾಮಿ. ನಿಮ್ ಸೇಲಂ ಕಡೆ ಎಲ್ಡೆಲ್ಡು ಇರ್ತಾವಾ?"

ಆಫೀಸರ ಜೊತೆ ಬಂದಿದ್ದ ಜವಾನ ಅದನ್ನು ತಮಿಳಿನಲ್ಲಿ ಬಿಡಿಸಿ ಹೇಳಿದ. ಆಫೀಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ, ಇದನ್ನು ಬಿಟ್ಟು ಆಚೆಯ ಒಣಮರ ಕಡಿಯಿರಿ ಎಂದು ಹೇಳಿ ಹೊರಟುಹೋದರು. ಮೇಷ್ಟ್ರು ಕಣ್ಣೊರೆಸಿಕೊಂಡರು.

"ಅಜ್ಜಿ, ನಿಮಗೆ ತಮಿಳು ಬರದೆ ಇದ್ದದ್ದೇ ಒಳ್ಳೇದಾಯ್ತು" ಎಂದೆ.

"ರಾಯಕೋಟೆಲಿ ಹುಟ್ಟಿದೋಳ್ಗೆ ತಮಿಳು ಬರಾಕಿಲ್ವಾ? ನಗ್ಸುದ್ರೆ ಬುಟ್ಬುಡ್ತಾರೆ ಅಂತ ಗೊತ್ತಿತ್ತು ಕಣಪ್ಪ."

ಆಮೇಲೆ ಮೇಷ್ಟ್ರ ಕಡೆ ಮರುಕದಿಂದ ನೋಡಿ, ದನಿ ತಗ್ಗಿಸಿ ಹೇಳಿದರು:

"ಮರ ಹೋಗ್ಬುಟ್ರೆ ಪಾಪ, ಬೆಳಗ್ಗೆದ್ದು ಅವ್ರು ಯಾವ್ ಮರೇಲಿ ಕುಂತ್ಕೋತಾರೆ?"