ನೋಮ್ಸಾಳ ತಾಲೀಮು

1993ರ ಜುಲೈ ತಿಂಗಳಲ್ಲಿ, ರಾಯಬಾಗ ತಾಲೂಕಿನ ಮುಗಳಖೋಡದ ಆಚೆಗಿನ ಒಂದು ಕನ್ನಡ ಶಾಲೆಯಲ್ಲಿ ಯಾವ ಬಗೆಯ ಭೇದಭಾವವೂ ಇರಲಿಲ್ಲ. ಹಾಗೆಂದು ಹೆಡ್‌ಮಾಸ್ತರ ಮುರಗೆಪ್ಪನವರು ವರ್ಷಕ್ಕೆರಡು ಸಲ ಬರೆದು, ಶಿಕ್ಕಾ ಒತ್ತಿ ಮೇಲಿನ ಕಚೇರಿಗೆ ಕಳಿಸುತ್ತಿದ್ದರು. ಪಡಸಾಲೆಯ ಕಟ್ಟೆಯ ಮೇಲೊಂದು ನೀರಿನ ಹರವಿ ಇತ್ತು. ಊರೊಳಗಿನ ಮಕ್ಕಳು ತಂಬಿಗೆ ಅದ್ದಿ ಕುಡಿಯುತ್ತಿದ್ದರು. ಕೇರಿಯ ಹದಿನೇಳು ಮಕ್ಕಳು ಕೆಳಗೆ ಬೊಗಸೆಯೊಡ್ಡಿ ನಿಲ್ಲುತ್ತಿದ್ದರು. ಯಾರಾದರೂ ಪುಣ್ಯಾತ್ಮರು ಮೇಲಿನಿಂದ ಹಾಕಿದರೆ ಕುಡಿಯುವುದು, ಇಲ್ಲವಾದರೆ ಗಂಟೆಯಾದ ಮೇಲೆ ಒಳಗೆ ಹೋಗುವುದು. ಇದಕ್ಕೆ ಭೇದ ಅನ್ನುತ್ತಿರಲಿಲ್ಲ, ಪದ್ಧತಿ ಅನ್ನುತ್ತಿದ್ದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬ ಗಾದೆ ಮಾಡಿದವರು ಕೇರಿಯ ಕಡೆ ಹೋಗಿರಲಿಕ್ಕಿಲ್ಲ.

ನಾಲ್ಕನೇ ಇಯತ್ತೆಯ ಸತ್ತೆವ್ವನ ಬೊಗಸೆ ಎಷ್ಟೋ ದಿನ ಒಣಗಿಯೇ ಇರುತ್ತಿತ್ತು. ಕಂಡಾಗಲೆಲ್ಲ ಶಾಲೆಯ ಶಿಕ್ಷಕಿ ಶಿವಗಂಗಾ ಅಕ್ಕೋರು ತಾವೇ ಹೋಗಿ ಹಾಕುತ್ತಿದ್ದರು, ಅದೂ ಮೇಲಿನಿಂದಲೇ. ಅದಕ್ಕೇ ಅವರಿಗೆ ತಮ್ಮ ಕೈಯ ಮೇಲೆ ಸಿಟ್ಟು. ಈ ಹುಡುಗಿ ಒಮ್ಮೆ ತನ್ನ ಕೈಯಾರೆ ತಂಬಿಗೆ ಅದ್ದಿ ಕುಡಿಯಬೇಕು ಎಂಬುದೊಂದೇ ಅವರ ಆಸೆ. ಮುರಗೆಪ್ಪನವರನ್ನು ಕೇಳಿಯೂ ನೋಡಿದರು.

"ಅಕ್ಕೋರ, ನಂದೇನ್ ಇಲ್ರಿ. ಊರ ಮಂದಿ ಐತಿ. ಮ್ಯಾಲಿಂದ ಆರ್ಡರ್ ಬರ್ಲಿ, ಆಮ್ಯಾಲೆ ನೋಡೂನು."

ಆರ್ಡರ್ ಬಂದೇ ಬಂತು. ಆದರೆ ಆಫ್ರಿಕದ ಬಗ್ಗೆ. "ದಕ್ಷಿಣ ಆಫ್ರಿಕದ ವರ್ಣಭೇದದ ಕ್ರೌರ್ಯವನ್ನು ಐತಿಹಾಸಿಕ ಕಥೆ, ನಾಟಕಗಳ ಮೂಲಕ ಮಕ್ಕಳಿಗೆ ಮನವರಿಕೆ ಮಾಡತಕ್ಕದ್ದು. ಖರ್ಚಿಗೆ ಅವಕಾಶವಿರುವುದಿಲ್ಲ. ಸ್ಥಳೀಯವಾಗಿ ದೊರೆಯುವ ಸಾಮಗ್ರಿಯನ್ನೇ ಬಳಸತಕ್ಕದ್ದು."

ಅಕ್ಕೋರು ಕೂತು ಕಥೆ ಬರೆದರು. ನಲವತ್ತು ವರ್ಷದ ಹಿಂದಿನ ಜೋಹಾನ್ಸ್‌ಬರ್ಗ್. ನೋಮ್ಸಾ ಎಂಬ ಕರಿಯ ಹುಡುಗಿ. ಬಿಳಿಯರ ನಳ. ಕೊನೆಗೆ ನೋಮ್ಸಾ ತಾನೇ ನಳ ತಿರುವಿ ನೀರು ಕುಡಿಯುತ್ತಾಳೆ. ಶಾಲೆಯಲ್ಲಿ ನಳವಿರಲಿಲ್ಲವಾದ್ದರಿಂದ ನಿಯಮದಂತೆ ಸ್ಥಳೀಯ ಹರವಿಯನ್ನೇ ನಳವೆಂದು ಭಾವಿಸಲಾಯಿತು. ಸತ್ತೆವ್ವ ನೋಮ್ಸಾ ಆದಳು.

ನಾಟಕದ ದಿನ ಊರ ಹಿರಿಯರೆಲ್ಲ ಬಂದಿದ್ದರು. ಸತ್ತೆವ್ವ ಕಟ್ಟೆ ಹತ್ತಿದಳು, ತಂಬಿಗೆ ಅದ್ದಿದಳು, ಗಟಗಟ ಮೂರು ತಂಬಿಗೆ ಕುಡಿದಳು. ಅಕ್ಕೋರು ಬರೆದದ್ದು ಒಂದೇ. ಹಿರಿಯರ ಮುಖ ಕಪ್ಪಿಟ್ಟಿತು. ಮುರಗೆಪ್ಪನವರು ದಡಬಡಿಸಿ ಎದ್ದು ಸಾರಿದರು:

"ಯಾರೂ ಗಾಬರಿ ಆಗಬ್ಯಾಡ್ರಿ! ಹರವಿ ಮುಟ್ಟಿದಾಕಿ ಸತ್ತೆವ್ವ ಅಲ್ಲ, ನೋಮ್ಸಾ. ಆಫ್ರಿಕಾದಾಕಿ!"

ಸಭೆಗೆ ಜೀವ ಬಂದಂತಾಯಿತು. ಕಬ್ಬಿನ ಜಮೀನಿನ ಅಣ್ಣಾಸಾಬರಂತೂ ತಲೆಗೆ ಸುತ್ತಿದ ಪಟಕದ ಸೆರಗಿನಿಂದ ಕಣ್ಣೊರೆಸಿಕೊಂಡರು. "ಬಿಳೇ ಮಂದಿ ಎಂಥಾ ಕಟುಕರ್ರಿ! ಸಣ್ಣ ಕೂಸಿಗೆ ನೀರ ಮುಟ್ಟಗೊಡಂಗಿಲ್ಲಂದ್ರ?"

ಅಕ್ಕೋರಿಗೆ ದಾರಿ ಹೊಳೆಯಿತು. ಮುಂದಿನ ಪ್ರದರ್ಶನಕ್ಕೆಂದು ದಿನಾಲೂ ತಾಲೀಮು ನಡೆಸಲು ಅನುಮತಿ ಕೋರಿ ಅರ್ಜಿ ಕೊಟ್ಟರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಮುರಗೆಪ್ಪನವರು ಷರತ್ತು ಹಾಕಿ ಮಂಜೂರು ಮಾಡಿದರು: ಹರವಿ ಮುಟ್ಟುವ ಮೊದಲು ಪಾತ್ರದ ಹೆಸರನ್ನು ಗಟ್ಟಿಯಾಗಿ ಹೇಳತಕ್ಕದ್ದು, ಮರೆತು ಸ್ವಂತ ಹೆಸರಿನಲ್ಲಿ ಕುಡಿದರೆ ಹರವಿ ತೊಳೆಸಲಾಗುವುದು.

ವಾರದೊಳಗೆ ಕೇರಿಯ ಹದಿನೇಳೂ ಮಕ್ಕಳಿಗೆ ಪಾತ್ರ ಸಿಕ್ಕಿತು. ಎರಡನೇ ಇಯತ್ತೆಯ ಮಾಳಸಿದ್ದ ನೋಮ್ಸಾಳ ಮುತ್ತಜ್ಜನಾದ. ಆ ವರ್ಷವಿಡೀ ಬಿಡುವಿನಲ್ಲಿ ಸಾಲು ನಿಂತು, ಹೆಸರು ಹೇಳಿ, ಹೊಟ್ಟೆ ತುಂಬ ಅಭಿನಯಿಸಿದರು. ತಪಾಸಣೆಗೆ ಬಂದ ಸಾಹೇಬರು ಷರಾ ಬರೆದರು: "ಬಾಯಾರಿಕೆಯ ಅಭಿನಯ ಅತ್ಯಂತ ಸಹಜವಾಗಿದೆ. ಇದು ಹೇಗೆ ಸಾಧ್ಯವಾಯಿತೆಂದು ತಿಳಿಯದು."

ಮರುವರ್ಷ ಜೂನಿನಲ್ಲಿ ಇನ್ನೊಂದು ಆರ್ಡರ್ ಬಂತು. "ದಕ್ಷಿಣ ಆಫ್ರಿಕದಲ್ಲಿ ವರ್ಣಭೇದ ಕೊನೆಗೊಂಡಿದೆ. ಆದಕಾರಣ ಸದರಿ ನಾಟಕವನ್ನೂ ತಾಲೀಮನ್ನೂ ಕೂಡಲೇ ನಿಲ್ಲಿಸತಕ್ಕದ್ದು. ಸಂತೋಷಾರ್ಥ ಮಕ್ಕಳಿಗೆ ಸಿಹಿ ಹಂಚತಕ್ಕದ್ದು."

ಪೇಢೆ ಹಂಚಿದರು. ಕೇರಿಯ ಮಕ್ಕಳ ಕೈಗೆ ಮೇಲಿನಿಂದ ಬಿಟ್ಟರು. ಪೇಢೆ ತಿಂದರೆ ನೀರಡಿಕೆ ಆಗುತ್ತದೆ. ಸತ್ತೆವ್ವ ಕಟ್ಟೆ ಹತ್ತಿ, "ನಾನು ನೋಮ್ಸಾ" ಎಂದಳು.

ಮುರಗೆಪ್ಪನವರು ಅಕ್ಕರೆಯಿಂದಲೇ ತಡೆದರು. "ಇಳಿಯವಾ ತಂಗಿ. ನೋಮ್ಸಾಗ ಬಿಡುಗಡಿ ಆತು. ನೀ ಈಗ ಸತ್ತೆವ್ವ."

ಸತ್ತೆವ್ವ ಅಕ್ಕೋರ ಮುಖ ನೋಡಿದಳು. "ಹಂಗಾರ ಆಕಿ ಈಗ ದಿನಾ ತಾನ ನೀರ ಕುಡಿತಾಳೇನ್ರಿ, ಅಕ್ಕೋರ?"

"ಹೂಂ, ಕುಡಿತಾಳವಾ."

ಸತ್ತೆವ್ವನಿಗೆ ಖುಷಿಯಾಯಿತು. ಕೆಳಗಿಳಿದು ಬೊಗಸೆಯೊಡ್ಡಿದಳು. ಆಫ್ರಿಕದ ಹೆಸರಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕೋರು ತಂಬಿಗೆ ಎತ್ತಿ, ಒಂದು ಗೇಣು ಮೇಲಿನಿಂದ ನೀರು ಹಾಕಿದರು.