ಭಾವ ಕಟ್ಟಿದ ರೊಟ್ಟಿ ಗಂಟೆ

ನಮ್ಮ ಭಾವನವರ ಮನೆಯಲ್ಲಿ ಯಾವ ವಸ್ತುವೂ ತಾನು ಹುಟ್ಟಿದ ಕೆಲಸವನ್ನು ಮಾಡುತ್ತಿಲ್ಲ. ಕುಕ್ಕರಿನ ಮುಚ್ಚಳ ಗೋಡೆಯ ಮೇಲೆ ಗಡಿಯಾರವಾಗಿದೆ. ಹೆಲ್ಮೆಟ್ಟು ಬಾಲ್ಕನಿಯಲ್ಲಿ ತಲೆಕೆಳಗಾಗಿ ನೇತಾಡುತ್ತ ದೊಡ್ಡಪತ್ರೆ ಬೆಳೆಸುತ್ತಿದೆ. ಕೆಟ್ಟುಹೋದ ವಾಷಿಂಗ್ ಮಷೀನಿನ ಡ್ರಮ್ಮು ಟೀಪಾಯಿಯಾಗಿ ಬಡ್ತಿ ಪಡೆದಿದೆ. ಖಾರದ ಸೇವು ಅದರ ತೂತಿನೊಳಗೆ ಬಿತ್ತೆಂದರೆ ಮತ್ತೆ ಮೇಲೆ ಬರುವ ದಾರಿಯಿಲ್ಲ. ಆ ಮನೆಗೆ ಹೋದಾಗಲೆಲ್ಲ ನಾನು ಒಂದೇ ಕಡೆ ಜಾಸ್ತಿ ಹೊತ್ತು ಸುಮ್ಮನೆ ಕೂರುವುದಿಲ್ಲ. ನನ್ನನ್ನೂ ಯಾವುದಕ್ಕಾದರೂ ಉಪಯೋಗಿಸಿಬಿಟ್ಟರೆ?

ಭಾವ ಎಂದರೆ ನನ್ನ ಅಕ್ಕನ ಗಂಡ. ದಾವಣಗೆರೆ ಕಡೆಯವರು. ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ದುಡಿದು ನಿವೃತ್ತರಾದವರು. ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಗುಜರಿ ಎಂದು ತೀರ್ಮಾನಿಸುವುದೇ ಅವರ ನೌಕರಿಯಾಗಿತ್ತು. ಅಷ್ಟು ವರ್ಷ ಗುಜರಿ ಎಂದು ಲಾರಿಗೆ ತುಂಬಿಸಿದ ಪಾಪ ಈಗ ಕಾಡುತ್ತಿದೆಯೋ ಏನೋ, ಮನೆಯೊಳಗೆ ಬಂದ ಒಂದು ಮೊಳೆಯನ್ನೂ ಹೊರಗೆ ಬಿಡುವುದಿಲ್ಲ. ಕೈಚಳಕ ಹೇಗೆ ಅಂತೀರಾ? ಅದೊಂದನ್ನು ಕೇಳಬೇಡಿ. ಅವರು ಕಾರ್ಖಾನೆಯಲ್ಲಿ ಸ್ಕ್ರೂಗಳನ್ನು ಎಣಿಸಿದ್ದರೇ ಹೊರತು ತಿರುಗಿಸಿರಲಿಲ್ಲ!

ಒಮ್ಮೆ ಹಳೆಯ ಕಾರಿನ ಟೈರಿಗೆ ಗೋಣಿಹಗ್ಗ ಸುತ್ತಿ ಸ್ಟೂಲು ಮಾಡಿದರು. ಉದ್ಘಾಟನೆ ನನ್ನಿಂದಲೇ ಆಗಬೇಕೆಂದರು. ಕೂತೆ. ಕೂರುವುದು ಸುಲಭವಾಗಿತ್ತು. ಮಧ್ಯದ ಹಗ್ಗ ನಿಧಾನವಾಗಿ ಜಗ್ಗಿ, ನಾನು ಟೈರಿನೊಳಗೆ ಇಳಿದು, ಮೊಣಕಾಲು ಗಲ್ಲಕ್ಕೆ ಬಂದು ತಾಗಿತು.

“ಭಾವಾ, ಏಳೋದು ಹೇಗೆ?”

“ಅವಸರ ಏನಪ್ಪಾ? ಹೊಸ ಸ್ಟೂಲು. ಇನ್ನೂ ನಿನ್ನ ಪರಿಚಯ ಆಗಿಲ್ಲ ಅದಕ್ಕೆ.”

ಕೊನೆಗೆ ಅಕ್ಕ ಒಂದು ಕೈ, ಭಾವ ಒಂದು ಕೈ ಹಿಡಿದು, ಬಾವಿಯಿಂದ ಕೊಡ ಎತ್ತಿದ ಹಾಗೆ ನನ್ನನ್ನು ಮೇಲಕ್ಕೆ ಎಳೆದರು.

ಇನ್ನೊಂದು ಸಲ ನನಗೆಂದೇ ಒಂದು ಉಡುಗೊರೆ ತಂದರು. ನಾನು ಸ್ವಲ್ಪ ಚಿಂತೆಯ ಮನುಷ್ಯ. ಸ್ವಲ್ಪ ಎಂದದ್ದು ನನ್ನ ಅಂದಾಜು. ಮನೆಯವಳ ಅಂದಾಜು ಬೇರೆ. ಮನೆ ಬಿಟ್ಟು ಲಿಫ್ಟು ಇಳಿಯುವಷ್ಟರಲ್ಲಿ ಗ್ಯಾಸ್ ಆರಿಸಿದೆನೇ, ಗೀಸರ್ ಆರಿಸಿದೆನೇ ಎಂದು ಎದೆ ಹೊಡೆದುಕೊಳ್ಳುತ್ತದೆ. ಇದಕ್ಕೆ ಔಷಧಿಯಾಗಿ ಭಾವ ಒಂದು ಹಲಗೆ ಮಾಡಿದ್ದರು. ಹಲಗೆಯ ಮೇಲೆ ಗ್ಯಾಸ್, ಗೀಸರ್, ಇಸ್ತ್ರಿ, ನಲ್ಲಿ ಎಂದು ಬರೆದ ಸಣ್ಣ ಪಟ್ಟಿಗಳು. ಒಂದೊಂದನ್ನು ಆರಿಸಿದ ಮೇಲೆ ಅದರ ಪಟ್ಟಿಯನ್ನು ತಿರುಗಿಸಿ, ನಿಶ್ಚಿಂತೆಯಿಂದ ಹೊರಡುವುದು. ಮಾರನೆಯ ದಿನವೇ ನಾನು ಮಾರತ್ತಹಳ್ಳಿ ಸೇತುವೆಯವರೆಗೆ ಹೋದವನು ಗಾಡಿ ತಿರುಗಿಸಿಕೊಂಡು ಬಂದೆ. ಗ್ಯಾಸ್ ಆರಿಸಿದ್ದು ಚೆನ್ನಾಗಿ ನೆನಪಿತ್ತು. ಪಟ್ಟಿ ತಿರುಗಿಸಿದ್ದೆನೇ ಎಂಬುದು ನೆನಪಿರಲಿಲ್ಲ!

ಇಂಥ ಭಾವ ನನ್ನ ಮನೆಯ ಹತ್ತಿರ ಬಂದು ನೆಲೆಸಿದ್ದೂ ನನ್ನ ಚಿಂತೆಯಿಂದಲೇ. ಮೊದಲು ಅವರು ಲಗ್ಗೆರೆಯಲ್ಲಿದ್ದರು, ಓಣಿಯ ಕೊನೆಯ ಕೆಳಗಿನ ಮನೆ. ನಾನಿರುವುದು ಬ್ರೂಕ್‌ಫೀಲ್ಡ್. ಊರಿನ ಈ ತುದಿಗೂ ಆ ತುದಿಗೂ ನಡುವೆ ಎಷ್ಟು ಸಿಗ್ನಲ್ಲು! ಅಕ್ಕನಿಗೆ ಏನಾದರೂ ಆದರೆ? ಭಾವ ಡ್ರಿಲ್ಲಿಂಗ್ ಮಷೀನು ಹಿಡಿದಾಗ ಏನಾದರೂ ಆದರೆ? ಹೀಗೆ ವರ್ಷಗಟ್ಟಲೆ ಅವರ ತಲೆ ತಿಂದು, ನಮ್ಮ ಪಕ್ಕದ ರಸ್ತೆಯ ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಗೆ ಅವರನ್ನು ಹತ್ತಿಸಿದೆ. ಹಾಲು ಉಕ್ಕಿಸಿದ ದಿನ ನನಗೆ ಆಹಾ ಎನ್ನುವಂಥ ನಿದ್ದೆ ಬಂತು.

ಒಂದು ವಾರವೂ ಕಳೆದಿರಲಿಲ್ಲ. ಬೆಳಗಿನ ತಿಂಡಿಗೆ ನಾನು ಅಲ್ಲೇ ಇದ್ದೆ. ಅಕ್ಕ ಅಡುಗೆ ಕಟ್ಟೆಯ ಮೇಲೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅಷ್ಟರಲ್ಲಿ ಬೆಲ್ಲು. ಬಾಗಿಲು ತೆಗೆದರೆ ಒಬ್ಬ ಹುಡುಗಿ. ಕೆದರಿದ ಕೂದಲು, ಕೆಂಪಾದ ಕಣ್ಣು.

“ಆಂಟಿ, ತಪ್ಪು ತಿಳ್ಕೋಬೇಡಿ. ನಾನು ಕೆಳಗಡೆ ಮನೆಯವಳು. ನಿಮ್ಮನೇಲಿ ದಿನಾ ಬೆಳಗ್ಗೆ ಏನೋ ಕೆಲ್ಸ ನಡೀತಿದ್ಯಲ್ಲ, ಅದು ಯಾವಾಗ ಮುಗಿಯುತ್ತೆ?”

ಎಲ್ಲರೂ ಭಾವನ ಕಡೆ ನೋಡಿದೆವು. ಭಾವ ಎರಡೂ ಕೈ ಎತ್ತಿ, “ನಾನಲ್ಲ! ಇವತ್ತು ನಾನು ಸುತ್ತಿಗೇನೇ ಮುಟ್ಟಿಲ್ಲ,” ಎಂದರು. ಜೀವಮಾನದಲ್ಲಿ ಮೊದಲ ಸಲ ನಿರಪರಾಧಿಯಾಗಿದ್ದರು.

“ಟೈಲ್ಸ್ ಹಾಕಿಸ್ತಿದೀರಾ ಆಂಟಿ?”

ಅಕ್ಕ ಹಿಟ್ಟಿನ ಕೈಯನ್ನು ಮುಂದೆ ಹಿಡಿದು ತೋರಿಸಿದಳು. “ಟೈಲ್ಸ್ ಅಲ್ಲಮ್ಮ. ರೊಟ್ಟಿ.”

“ರೊಟ್ಟಿಗಾ ಇಷ್ಟು ಸದ್ದು? ನಮ್ ಮಂಡ್ಯ ಕಡೆ ಮುದ್ದೆ ಆಂಟಿ. ಸದ್ದೇ ಇರಲ್ಲ!”

ಹುಡುಗಿಗೆ ರಾತ್ರಿ ಪಾಳಿಯ ಕೆಲಸ. ಅಮೆರಿಕದವರು ಎದ್ದಿರುವಾಗ ಇವಳು ಎದ್ದಿರಬೇಕು. ಬೆಳಗ್ಗೆ ಕ್ಯಾಬಿನಲ್ಲಿ ಬಂದು ಮಲಗಿ ಕಣ್ಣು ಹತ್ತುವ ಹೊತ್ತಿಗೆ ಸರಿಯಾಗಿ ತಲೆಯ ಮೇಲೆ ದಬದಬ ಶುರು. ಎಷ್ಟು ಹೊತ್ತಿಗೆ ಏಳುತ್ತಾಳೆ ಎಂದರೆ ಅದೂ ಗೊತ್ತಿಲ್ಲ. ಪಾಳಿ ಬದಲಾದಂತೆ ನಿದ್ದೆಯೂ ಬದಲು. ಒಂದು ದಿನ ಮಧ್ಯಾಹ್ನಕ್ಕೆ ಏಳುವಳು, ಇನ್ನೊಂದು ದಿನ ಸಂಜೆಗೆ. ಅವಳು ಹೋದ ಮೇಲೆ ಅಕ್ಕ ಒಲೆ ಆರಿಸಿದಳು. “ಪಾಪ, ರಾತ್ರಿಯೆಲ್ಲಾ ದುಡಿದು ಬರೋ ಕೂಸು,” ಎಂದಳು. ಅಂದಿನಿಂದ ರೊಟ್ಟಿ ನಿಂತಿತು.

ಅಕ್ಕನಿಗೆ ರೊಟ್ಟಿ ನಿಲ್ಲುವುದೆಂದರೆ ಏನು ಎಂದು ಬರಿಯ ಅನ್ನ ತಿನ್ನುವವರಿಗೆ ಹೇಗೆ ಹೇಳಲಿ? ಸ್ನಾನ, ಲಿಂಗಪೂಜೆ, ಆಮೇಲೆ ರೊಟ್ಟಿ. ಅದಾದರೆ ಅವಳಿಗೆ ಬೆಳಗಾದ ಲೆಕ್ಕ. ಈಗ ಲಟ್ಟಣಿಗೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದಳು. ಚಪಾತಿ ಮೆತ್ತಗಿರುತ್ತಿತ್ತು. ಅಕ್ಕ ಅದಕ್ಕಿಂತ ಮೆತ್ತಗಾದಳು. ಒಂದು ದಿನ ತಟ್ಟೆ ಇಡುತ್ತ ತಣ್ಣಗೆ ಹೇಳಿದಳು:

“ಲಗ್ಗೆರೆಯಾಗೆ ನೆಲದ ಮೇಲಿನ ಮನೆ. ಕೆಳಗೆ ಇದ್ದೋಳು ಭೂಮಿತಾಯಿ ಒಬ್ಬಳೇ. ಆಕಿ ಒಂದಿನಾ ಬಂದು ಬೆಲ್ ಒತ್ತಲಿಲ್ಲ. ಹಳೇ ಓಣಿಯಾಗೆ ಒಂದು ಮನೆ ಖಾಲಿ ಐತಂತೆ. ಯುಗಾದಿ ಆದ್ಮೇಲೆ ಹೋಗಿಬಿಡಾಣ ರೀ.”

ಅಷ್ಟೂ ಸಿಗ್ನಲ್ಲುಗಳು ಮತ್ತೆ ನನ್ನ ಕಣ್ಣ ಮುಂದೆ ಕೆಂಪಗೆ ಹೊತ್ತಿಕೊಂಡವು.

ಮರುದಿನದಿಂದ ಭಾವನ ಕಾರ್ಖಾನೆ ಹಗಲಿಡೀ ನಡೆಯಿತು. ಗುರಿ ಒಂದೇ: ಸದ್ದಿಲ್ಲದ ರೊಟ್ಟಿ. ಮೊದಲು ಒಂದು ಮರದ ಮಣೆ ತಯಾರಾಯಿತು. ಸದ್ದು ಕಟ್ಟೆಗೆ ಇಳಿಯದಂತೆ ಮಣೆಯ ನಾಲ್ಕು ಮೂಲೆಗೆ ದಪ್ಪ ರಬ್ಬರು. ಅಕ್ಕ ಅದನ್ನು ತಿರುಗಿಸಿ ನೋಡಿದಳು. ರಬ್ಬರು ನೀಲಿಯಾಗಿತ್ತು. ಅದಕ್ಕೊಂದು ಪಟ್ಟಿಯ ತೂತೂ ಇತ್ತು.

“ರೀ, ಇದು ಹವಾಯಿ ಚಪ್ಪಲಿ ಅಲ್ಲೇನ್ರಿ?”

“ಹೊಸಾವು ಕಣೇ! ಒಂದಿನಾನೂ ಕಾಲಿಗೆ ಹಾಕಿಲ್ಲ!”

“ಕಾಲಿಗೆ ಹಾಕದಿದ್ರೆ ಅದೇನು ಹೋಳಿಗೆ ಆಗ್ತತೇನು? ಲಿಂಗಪೂಜೆ ಮಾಡ್ಕೊಂಡು ಬಂದು ಚಪ್ಪಲಿ ಮೇಲೆ ರೊಟ್ಟಿ ಬಡೀಲೇನು? ಒಯ್ರಿ ಆಚೆಗೆ!”

ಮಣೆ ಆಚೆಗೆ ಹೋಯಿತು. ಅಡುಗೆ ಕಟ್ಟೆಗೆ ನೀರು ಹಾಕಿ ತೊಳೆದದ್ದೂ ಆಯಿತು. ಮುಂದಿನ ಮಣೆಯ ಕೆಳಗೆ ಸೋಫಾದ ಸ್ಪಂಜು ಬಂತು. ಸೋಫಾ ಏನಾಯಿತೆಂದು ನಾನು ಕೇಳಲಿಲ್ಲ. ಅಕ್ಕ ಒಂದು ಏಟು ಬಡಿದಳು. ಮಣೆ ಕೆಳಗಿಳಿದು ಮೇಲೆದ್ದಿತು. ಹಿಟ್ಟು ಅದಕ್ಕಿಂತ ಮೇಲೆದ್ದು, ಪಕ್ಕದಲ್ಲಿ ಅಳತೆ ಟೇಪು ಹಿಡಿದು ನಿಂತಿದ್ದ ಭಾವನ ಬನಿಯನ್ನಿಗೆ ಅಂಟಿತು. “ಸದ್ದು ಬಂತೇನು? ಇಲ್ಲ ತಾನೇ?” ಎಂದರು ಭಾವ, ಎದೆಯ ಮೇಲಿನ ರೊಟ್ಟಿಯನ್ನು ಬಿಡಿಸುತ್ತ.

ಆಮೇಲೆ ಹಳೆಯ ಕಂಬಳಿ, ಸೈಕಲ್ ಟ್ಯೂಬು, ತೆಂಗಿನ ನಾರು ಎಲ್ಲ ಪದರ ಪದರವಾಗಿ ಸೇರಿ ಒಂದು ಮಣೆ ಬಂತು. ನಂಬಿ, ಅದು ನಿಜಕ್ಕೂ ಕೆಲಸ ಮಾಡಿತು! ಅಕ್ಕ ಬಡಿದಳು. ಸದ್ದಿಲ್ಲ. ದಿಂಬಿಗೆ ಹೊಡೆದ ಹಾಗೆ. ಭಾವ ಗೆದ್ದೆ ಎಂದು ನನ್ನ ಬೆನ್ನು ತಟ್ಟಿದರು. ಅದಕ್ಕೇ ಜಾಸ್ತಿ ಸದ್ದು ಬಂತು. ಆದರೆ ರೊಟ್ಟಿ? ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು, ಅಂಚೆಲ್ಲ ಬಿರುಕು. ಎರಡನೆಯದೂ ಹಾಗೇ. ಮೂರನೆಯದು ಹಂಚಿಗೆ ಹಾಕುವಾಗಲೇ ಎರಡಾಯಿತು. ಇಷ್ಟು ವರ್ಷ ಕಣ್ಣು ಮುಚ್ಚಿಕೊಂಡು ರೊಟ್ಟಿ ಬಡಿದ ಅಕ್ಕ, ಮೂರಕ್ಕೆ ಮೂರೂ ಪರೀಕ್ಷೆಯಲ್ಲಿ ಫೇಲಾದವಳಂತೆ ನಿಂತಿದ್ದಳು.

“ಸದ್ದು ಕೇಳ್ಬೇಕು ಕಣೋ,” ಎಂದಳು ನನಗೆ. “ದಪ್ಪ ಇದ್ರೆ ಒಂದು ಸದ್ದು, ತೆಳ್ಳಗಾದ್ರೆ ಒಂದು ಸದ್ದು. ಇನ್ನು ಸಾಕು ಅಂತ ರೊಟ್ಟೀನೇ ಹೇಳ್ತತೆ. ಕೇಳದಿದ್ರೆ ನನ್ನ ಕೈಗೆ ಏನೂ ತಿಳಿಯಲ್ಲ.”

ಭಾವ ಮಣೆಯನ್ನು ಎತ್ತಿಕೊಂಡು ಹೋದರು. ಆ ದಿನ ಅವರು ಏನನ್ನೂ ಕೊಯ್ಯಲಿಲ್ಲ, ಅಂಟಿಸಲಿಲ್ಲ. ಡ್ರಮ್ಮಿನ ಟೀಪಾಯಿಯ ಮುಂದೆ ಸುಮ್ಮನೆ ಕೂತಿದ್ದರು. ಭಾವ ಸುಮ್ಮನೆ ಕೂತದ್ದನ್ನು ನೋಡಿ ನನಗೆ ಲಗ್ಗೆರೆ ಖಾತ್ರಿಯಾಯಿತು. ಸಾಮಾನು ಸಾಗಿಸಲು ಯಾರಿಗೆ ಹೇಳುವುದು, ಡ್ರಮ್ಮನ್ನು ಲಾರಿಯವರು ಡ್ರಮ್ಮೆಂದು ಒಪ್ಪುತ್ತಾರೋ ಟೀಪಾಯಿಯೆಂದೋ ಎಂದು ಚಿಂತಿಸುತ್ತ ಮನೆಗೆ ಬಂದೆ.

ಎರಡು ದಿನ ಬಿಟ್ಟು ಹೋದಾಗ ಬಟ್ಟೆ ಒಣಗಿಸುವ ಪುಟ್ಟ ಬಾಲ್ಕನಿಯಲ್ಲಿ ಭಾವ ಮೊಣಕಾಲೂರಿ ಕೂತಿದ್ದರು. ಗ್ರಿಲ್ಲಿಗೆ ಒಂದು ಹಾಲಿನ ಪುಡಿಯ ಡಬ್ಬಿ ಕಟ್ಟಿದ್ದರು. ಒಳಗೆ ನಟ್ಟು, ಬೋಲ್ಟು. ಡಬ್ಬಿಯಿಂದ ಒಂದು ನೈಲಾನ್ ದಾರ ಗ್ರಿಲ್ಲಿನ ಸಂದಿಯಲ್ಲಿ ಇಳಿದು ಕೆಳಗಿನ ಮನೆಯ ಬಾಲ್ಕನಿಗೆ ಹೋಗಿತ್ತು.

“ಏನ್ ಭಾವಾ ಇದು?”

“ಹುಡುಗಿ ಹತ್ರ ಮಾತಾಡಿ ಬಂದೆ ಕಣಪ್ಪಾ. ಎದ್ದ ತಕ್ಷಣ ದಾರ ಎಳೀತಾಳೆ. ಇಲ್ಲಿ ಗಂಟೆ ಆಗ್ತದೆ. ಇವಳು ಬಡಿಯಾಕೆ ಶುರು.”

ನಾನು ತಕ್ಷಣ ದಾರ ತುಂಡಾದರೆ, ಡಬ್ಬಿ ಯಾರದಾದರೂ ತಲೆಯ ಮೇಲೆ ಬಿದ್ದರೆ, ಅವಳು ನಿದ್ದೆಗಣ್ಣಲ್ಲಿ ಎಳೆದರೆ ಎಂದು ಒಂದೊಂದಾಗಿ ಕೇಳತೊಡಗಿದೆ. ಅಷ್ಟರಲ್ಲಿ ಡಬ್ಬಿ ನನ್ನ ಕಿವಿಯ ಪಕ್ಕದಲ್ಲೇ ಗಲ್, ಗಲಗಲ ಎಂದಿತು. ಮೊದಲು ಒಂದು ಜಗ್ಗು, ಆಮೇಲೆ ಎರಡು. ಕೆಳಗಿನಿಂದ ಆಕಳಿಕೆ ತುಂಬಿದ ಧ್ವನಿ ಬಂತು: “ಅಂಕಲ್, ಎದ್ದೇ! ಆಂಟಿಗೆ ಹೇಳಿ, ಟೈಲ್ಸ್ ಕೆಲ್ಸ ಶುರು ಮಾಡ್ಬಹುದು!”

ಒಳಗೆ ಮೊದಲ ಏಟು ಬಿತ್ತು. ದಬ್. ಆಮೇಲೆ ದಬದಬ. ಅಡುಗೆಮನೆಗೆ ಜೀವ ಬಂತು. ನಾನು ಇಣುಕಿ ಕೆಳಗೆ ನೋಡಿದೆ. ದಾರದ ತುದಿಗೆ ಹಿಡಿಯಲೆಂದು ಭಾವ ಒಂದು ಮರದ ತುಂಡು ಕಟ್ಟಿದ್ದರು. ಚಪಾತಿಯ ಲಟ್ಟಣಿಗೆ! ಅರ್ಧಕ್ಕೆ ಕೊಯ್ದಿದ್ದರು. ಇನ್ನು ಈ ಮನೆಯಲ್ಲಿ ಚಪಾತಿಯಿಲ್ಲ ಎಂದು ಅವರೇ ತೀರ್ಪು ಕೊಟ್ಟಂತಿತ್ತು.

ಯುಗಾದಿ ಬಂತು, ಹೋಯಿತು. ಲಗ್ಗೆರೆಯ ಮಾತು ಏಳಲಿಲ್ಲ. ಬೆಳಗಿನ ರೊಟ್ಟಿ ಮಧ್ಯಾಹ್ನಕ್ಕೋ ಸಂಜೆಗೋ ಸರಿಯಿತು, ಅಷ್ಟೇ. ಅಕ್ಕ ಹಿಟ್ಟಿಟ್ಟುಕೊಂಡು ಕೂರುವಳು. ಗಲ್, ಗಲಗಲ ಎಂದೊಡನೆ, “ಎದ್ಳು ನೋಡು!” ಎಂದು ಎಸರಿಗೆ ಇಡುವಳು. ಬಿಸಿ ರೊಟ್ಟಿ ಎರಡು, ಬಟ್ಟೆಯ ಚೀಲದಲ್ಲಿ ಕೆಳಗಿಳಿಯತೊಡಗಿದವು. ಚೀಲ ಭಾವನ ಹಳೆಯ ಪ್ಯಾಂಟಿನ ಕಾಲಿನದು. ಹುಡುಗಿ ರೊಟ್ಟಿಗೆ ಟೊಮ್ಯಾಟೊ ಸಾಸು ಹಚ್ಚಿಕೊಂಡು ತಿನ್ನುತ್ತಾಳೆಂದು ತಿಳಿದ ದಿನ ಅಕ್ಕ ಎದೆ ಹಿಡಿದುಕೊಂಡಳು. ಮರುದಿನದಿಂದ ಶೇಂಗಾ ಚಟ್ನಿ ಪುಡಿಯೂ ಇಳಿಯಿತು. ಕೆಲವೊಮ್ಮೆ ಅವಳು ದಾರ ಎಳೆದು ಕೂಗುವಳು: “ಆಂಟಿ, ಇವತ್ತು ಒಂದ್ ಏಟು ಕಮ್ಮಿ ಬಿತ್ತು! ಹುಷಾರಿದೀರಾ?”

ಮೊನ್ನೆ ಅವಳ ಕೆಲಸ ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಬದಲಾಯಿತು. ಹೋಗುವಾಗ ಅಕ್ಕನ ಕಾಲಿಗೆ ನಮಸ್ಕರಿಸಿ, ಚಟ್ನಿ ಪುಡಿಯ ಡಬ್ಬಿ ತಬ್ಬಿಕೊಂಡು ಹೋದಳು. ಕೆಳಗಿನ ಮನೆಗೆ ಬೀಗ ಬಿತ್ತು. ಇನ್ನು ಅಕ್ಕ ಯಾವ ಹೊತ್ತಿಗೆ ಬೇಕಾದರೂ ಕಟ್ಟೆ ಒಡೆಯುವ ಹಾಗೆ ಬಡಿಯಬಹುದು. ಒಳ್ಳೆಯದೇ ಆಯಿತಲ್ಲ ಎಂದುಕೊಂಡು ಮರುದಿನ ಸಂಜೆ ಹೋದೆ.

ಬೇರೆ ಕುರ್ಚಿಯ ಮೇಲೆ ಏನೋ ಅಂಟು ಒಣಗುತ್ತಿತ್ತು, ಹಾಗಾಗಿ ಟೈರಿನ ಸ್ಟೂಲೇ ಗತಿ. ಅಲ್ಲಿಂದ ಅಡುಗೆಮನೆಯೂ ಕಾಣುತ್ತದೆ, ಬಾಲ್ಕನಿಯೂ ಕಾಣುತ್ತದೆ. ಅಕ್ಕ ಹಿಟ್ಟು ಮುಂದಿಟ್ಟುಕೊಂಡು ಕೂತಿದ್ದಳು. ಬೆಳಗ್ಗೆಯಿಂದ ಒಲೆಯ ಮೇಲೆ ಹಂಚು ಇಟ್ಟಿಲ್ಲ ಎಂದು ಭಾವ ಕಣ್ಣಲ್ಲೇ ಹೇಳಿದರು.

“ಕೆಳಗೆ ಯಾರೂ ಇಲ್ವಲ್ಲ ಅಕ್ಕಾ. ಬಡಿ,” ಎಂದೆ.

“ಹೂಂ. ಬಡಿದ್ರಾಯ್ತು.”

ಏಳಲಿಲ್ಲ. ಹಿಟ್ಟಿನ ಮೇಲೆ ಬೆರಳಾಡಿಸುತ್ತ ಕೂತಳು. ಆ ಕೂರುವ ರೀತಿ ನನಗೆ ಗೊತ್ತಿತ್ತು. ಇನ್ನೇನು ಲಗ್ಗೆರೆ ಎನ್ನುತ್ತಾಳೆ ಎಂದು ನಾನು ಮನಸ್ಸಿನಲ್ಲೇ ಸಿಗ್ನಲ್ಲು ಎಣಿಸತೊಡಗಿದೆ.

ಭಾವ ಎದ್ದರು. “ಬಟ್ಟೆ ಒಣಗಿದ್ವೇನೋ ನೋಡ್ತೀನಿ,” ಎಂದು ಯಾರಿಗೂ ಅಲ್ಲದಂತೆ ಹೇಳಿ ಬಾಲ್ಕನಿಗೆ ಹೋದರು. ತಂತಿಯ ಮೇಲೆ ಒಂದು ಬಟ್ಟೆಯೂ ಇರಲಿಲ್ಲ. ಡಬ್ಬಿ ಅವರ ಮೂಗಿನ ಮುಂದೆಯೇ ಇತ್ತು, ಅಲ್ಲಾಡಿಸಿದ್ದರೆ ಸಾಕಿತ್ತು. ಅವರು ಅದನ್ನು ಮುಟ್ಟಲಿಲ್ಲ. ನೆಲದ ಮೇಲೆ ಮೊಣಕಾಲೂರಿ, ಗ್ರಿಲ್ಲಿನ ಸಂದಿಯಲ್ಲಿ ಭುಜದವರೆಗೆ ಕೈ ತೂರಿಸಿ, ಕೆಳಗೆ ಇಳಿಬಿದ್ದ ದಾರವನ್ನು ತಡಕಿ ಹಿಡಿದರು. ಮೇಲಿನಿಂದ ಅಲ್ಲಾಡಿಸಿದರೆ ಬೇರೆ ಸದ್ದು, ಕೆಳಗಿನಿಂದ ಎಳೆದರೆ ಬೇರೆ ಸದ್ದು. ಅಕ್ಕನ ಕಿವಿಗೆ ಅದು ತಿಳಿಯದೇ ಇರುತ್ತದೆಯೇ? ಮೊದಲು ಒಂದು ಜಗ್ಗು. ಆಮೇಲೆ ಎರಡು.

ಗಲ್, ಗಲಗಲ.

“ಎದ್ಳು ನೋಡು,” ಎಂದಳು ಅಕ್ಕ, ತಿರುಗಿ ನೋಡದೆ. ಎದ್ದು ಎಸರಿಗೆ ಇಟ್ಟಳು. ಹಿಟ್ಟು ನಾದಿದಳು. ಕಟ್ಟೆಯ ಮೇಲೆ ಮೊದಲ ಏಟು ಬಿತ್ತು. ದಬ್. ಆಮೇಲೆ ದಬದಬ. ನಾನು ಸ್ಟೂಲಿನೊಳಗೆ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಇಳಿದಿದ್ದೆ. ಎತ್ತಿ ಎಂದು ಯಾರನ್ನೂ ಕರೆಯಲಿಲ್ಲ.

ಹಂಚಿನ ಮೇಲೆ ರೊಟ್ಟಿ ಉಬ್ಬುವಾಗ ಅಕ್ಕ ಬಾಲ್ಕನಿಯ ಕಡೆ ಕೂಗಿದಳು:

“ರೀ, ದಾರ ಹಿಡಿದ ಕೈ ತೊಳ್ಕೊಂಡು ಬರ್ರಿ. ಆರಿದ್ರೆ ಚೆನ್ನಾಗಿರಲ್ಲ.”